ತಾನಾಗೇ ರೀಸ್ಟಾರ್ಟ್ ಆಗುವ ಹಳೇ ಕಂಪ್ಯೂಟರ್: ಬೋರ್ಡ್ ಹೋಗಿದೆ ಅನ್ನೋ ಮುಂಚೆ ಪ್ಲಗ್ ನೋಡಿ

ಪ್ರಶ್ನೆ: ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆ ನನ್ನದೊಂದು ಸಣ್ಣ ಅಂಗಡಿ ಇದೆ. ಆನ್‌ಲೈನ್ ಅರ್ಜಿ ತುಂಬುವುದು, ಟೈಪಿಂಗ್, ಜೆರಾಕ್ಸ್ ಮಾಡುತ್ತೇನೆ. ಡೆಸ್ಕ್‌ಟಾಪ್ 2012ರಲ್ಲಿ ತೆಗೆದುಕೊಂಡಿದ್ದು. ಎರಡನೇ ತಲೆಮಾರಿನ ಐ3, 4 ಜಿಬಿಯ ಎರಡು ರ‍್ಯಾಮ್, ವಿಂಡೋಸ್ 10. ನಾಲ್ಕು ತಿಂಗಳಿಂದ ತಾನಾಗೇ ರೀಸ್ಟಾರ್ಟ್ ಆಗುತ್ತಿದೆ. ಕೆಲವು ದಿನ ಮೂರು ಸಲ, ಕೆಲವೊಮ್ಮೆ ಎರಡು ದಿನ ಏನೂ ಇಲ್ಲ. ಮಧ್ಯಾಹ್ನ ಜಾಸ್ತಿ. ಆದರೆ ಸಂಜೆ ಸುಮ್ನೆ ಇದ್ದಾಗಲೂ ಆಗಿದೆ. ಒಂದೆರಡು ಸಲ ನೀಲಿ ಪರದೆ ಬಂದಿತ್ತು, ಓದುವಷ್ಟರಲ್ಲಿ ಹೋಯಿತು. ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆ. ಒಬ್ಬರು ರ‍್ಯಾಮ್ ಅಂದರು, ಇನ್ನೊಬ್ಬರು ಮದರ್‌ಬೋರ್ಡ್ ಹೋಗಿದೆ ಅಂದರು. ಕಂಪ್ಯೂಟರ್, ಮಾನಿಟರ್, ಲೇಸರ್ ಪ್ರಿಂಟರ್ ಮೂರೂ ಒಂದೇ ಯುಪಿಎಸ್‌ಗೆ ಹಾಕಿದ್ದೇನೆ. ಕ್ಯಾಬಿನೆಟ್ ಮುಟ್ಟಿದರೆ ಒಮ್ಮೊಮ್ಮೆ ಜುಮ್ ಅನ್ನುತ್ತದೆ. ಹೊಸದು ತೆಗೆದುಕೊಳ್ಳಲೇಬೇಕಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ನಿಮ್ಮ ಪತ್ರದ ಕೊನೆಯ ಮೂರು ಸಾಲುಗಳನ್ನು ನಾನು ಎರಡು ಸಲ ಓದಿದೆ. ನೀವು ಅದನ್ನು ಹೋಗಲಿ ಅಂತ ಸೇರಿಸಿದ ಹಾಗಿದೆ. ನನಗೆ ಕಾಣುವುದು ಬಹುತೇಕ ಉತ್ತರ ಅಲ್ಲೇ ಇದೆ ಅಂತ.

ಲೇಸರ್ ಪ್ರಿಂಟರ್ ಒಳಗೆ ಒಂದು ಬಿಸಿ ರೋಲರ್ ಇರುತ್ತದೆ. ಟೋನರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವುದು ಅದೇ. ಅದು ಬಿಸಿಯಾಗುವ ಆ ಕೆಲವು ಸೆಕೆಂಡು ಪ್ರಿಂಟರ್ ನೂರಾರು ವ್ಯಾಟ್ ಎಳೆಯುತ್ತದೆ, ಕೆಲವು ಮಾಡೆಲ್‌ಗಳು ಸಾವಿರದ ಹತ್ತಿರಕ್ಕೂ ಹೋಗುತ್ತವೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. ಲೇಸರ್ ಪ್ರಿಂಟರ್ ಅನ್ನು ಯುಪಿಎಸ್‌ಗೆ ಹಾಕಬೇಡಿ ಅಂತ ಯುಪಿಎಸ್ ಪುಸ್ತಕದಲ್ಲೇ ಬರೆದಿರುತ್ತಾರೆ. ಆ ಪುಸ್ತಕ ಯಾರು ಓದುತ್ತಾರೆ, ಡಬ್ಬದ ಜೊತೆ ಅಟ್ಟ ಸೇರಿರುತ್ತದೆ.

ಪ್ರಿಂಟರ್ ಎಳೆದಾಗ ಆ ಲೈನಿನಲ್ಲಿ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಹಾಗೆ ಇಳಿಸಿ ಕೊಡುವ ಕ್ಯಾಬಿನೆಟ್ ಒಳಗಿನ ಡಬ್ಬಿ, ಹೊಸದಾಗಿದ್ದರೆ ಅದನ್ನು ಗಮನಿಸುವುದೂ ಇಲ್ಲ. ಅದರೊಳಗಿನ ದೊಡ್ಡ ಕೆಪ್ಯಾಸಿಟರ್ ಒಂದು ಸಣ್ಣ ತೊಟ್ಟಿ ಇದ್ದ ಹಾಗೆ. ನಲ್ಲಿ ನಿಂತರೂ ಸ್ವಲ್ಪ ಹೊತ್ತು ನೀರು ಕೊಡುತ್ತದೆ. ಎಷ್ಟು ಹೊತ್ತು? ಒಳ್ಳೆಯ ಎಸ್‌ಎಂಪಿಎಸ್ ಪೂರ್ತಿ ಲೋಡ್‌ನಲ್ಲೂ 16-17 ಮಿಲಿಸೆಕೆಂಡ್ ತಡೆಯಬೇಕು. ನಮ್ಮ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್, ಅಂದರೆ ಹೆಚ್ಚುಕಡಿಮೆ ಒಂದು ಸುತ್ತಿನಷ್ಟು. ಹತ್ತು ಹನ್ನೆರಡು ವರ್ಷ ಬಿಸಿಯಲ್ಲಿ ಬೆಂದ ಕೆಪ್ಯಾಸಿಟರ್ ಒಣಗಿರುತ್ತದೆ, ತೊಟ್ಟಿಯಲ್ಲಿ ತಳದ ನೀರು ಮಾತ್ರ. ಅರ್ಧ ಸುತ್ತು ಕರೆಂಟ್ ಎಡವಿದರೂ ಕಂಪ್ಯೂಟರ್ ರೀಸ್ಟಾರ್ಟ್.

ಈಗ ನಿಮ್ಮ ‘ಸುಮ್ನೆ ಇದ್ದಾಗ’ ಅನ್ನೋ ಮಾತಿಗೆ ಬರೋಣ. ನೀವು ಸುಮ್ನೆ ಇದ್ದಿರಿ, ಪ್ರಿಂಟರ್ ಸುಮ್ನೆ ಇರಲಿಲ್ಲ. ಎಷ್ಟೋ ಲೇಸರ್ ಪ್ರಿಂಟರ್‌ಗಳು ಮುಂದಿನ ಹಾಳೆಗೆ ತಯಾರಾಗಿರಲಿ ಅಂತ ಆ ರೋಲರ್ ಅನ್ನು ಆಗಾಗ ಬಿಸಿ ಮಾಡಿಕೊಳ್ಳುತ್ತಲೇ ಇರುತ್ತವೆ. ಟೇಬಲ್ ಲೈಟು ಒಮ್ಮೆ ಮಂಕಾಗಿ ಸರಿಯಾಗುವುದನ್ನು ನೋಡಿರಬಹುದು. ಅದೇ ಇದು. ‘ಯಾವಾಗ ಬೇಕಾದರೂ ಆಗುತ್ತೆ ಸಾರ್’ ಅಂತ ಬಂದವರ ಕಂಪ್ಯೂಟರ್‌ಗಳಲ್ಲಿ ನಿಜಕ್ಕೂ ಯಾವಾಗ ಬೇಕಾದರೂ ಆಗಿದ್ದನ್ನು ನಾನು ನೋಡಿದ್ದು ತುಂಬಾ ಕಡಿಮೆ.

ಹಾಗಾಗಿ ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ ಒಂದು ಹಳೇ ನೋಟ್‌ಬುಕ್ ತೆಗೆಯಿರಿ. ಪ್ರತಿ ಸಲ ಬಿದ್ದಾಗ ನಾಲ್ಕೇ ವಿಷಯ: ಎಷ್ಟು ಗಂಟೆ, ಪ್ರಿಂಟರ್ ಓಡುತ್ತಿತ್ತಾ, ಕರೆಂಟ್ ಹೋಗಿ ಬಂತಾ, ರೀಸ್ಟಾರ್ಟ್ ಆಯಿತಾ ಪೂರ್ತಿ ಆಫ್ ಆಯಿತಾ. ಮಧ್ಯಾಹ್ನ ಜಾಸ್ತಿ ಅಂತೀರಿ. ಮಧ್ಯಾಹ್ನ ಬಿಸಿಲೂ ಜಾಸ್ತಿ, ನಿಮ್ಮ ಅಂಗಡಿಗೆ ಜನವೂ ಜಾಸ್ತಿ ಅಲ್ವಾ? ಕಾರಣ ಬಿಸಿಲೋ ಪ್ರಿಂಟರೋ ಅಂತ ಬೇರೆ ಮಾಡುವುದು ಆ ನೋಟ್‌ಬುಕ್ ಮಾತ್ರ. ಬಿಸಿಯಿಂದ ಬೀಳುವ ಯಂತ್ರ ಸಾಮಾನ್ಯವಾಗಿ ಪೂರ್ತಿ ಆಫ್ ಆಗುತ್ತದೆ. ತಕ್ಷಣ ಆನ್ ಮಾಡಿದರೆ ಮೊದಲಿಗಿಂತ ಬೇಗ ಮತ್ತೆ ಬೀಳುತ್ತದೆ. ಕರೆಂಟ್ ಎಡವಿದ್ದಾದರೆ ಎದ್ದು ಆರಾಮಾಗಿ ಗಂಟೆಗಟ್ಟಲೆ ಓಡುತ್ತದೆ.

ಮೊದಲ ಕೆಲಸ, ಕಾಸಿಲ್ಲದ ಕೆಲಸ: ಪ್ರಿಂಟರ್ ಅನ್ನು ಯುಪಿಎಸ್‌ನಿಂದ ಕಿತ್ತು, ಸಾಧ್ಯವಾದರೆ ಬೇರೆ ಗೋಡೆಯ ಪಾಯಿಂಟ್‌ಗೆ, ನೇರವಾಗಿ ಹಾಕಿ. ಅದೇ ಎಕ್ಸ್‌ಟೆನ್ಷನ್ ಬೋರ್ಡಿನ ಪಕ್ಕದ ತೂತಿಗೆ ಹಾಕಿದರೆ ಬದಲಿಸಿದ ಹಾಗಲ್ಲ. ಒಂದು ವಾರ ನೋಡಿ. ಆ ವಾರ ಬೇರೇನನ್ನೂ ಬದಲಿಸಬೇಡಿ. ಒಟ್ಟಿಗೆ ಮೂರು ಬದಲಿಸಿದರೆ ಸರಿಹೋದರೂ ಯಾವುದರಿಂದ ಅಂತ ಗೊತ್ತಾಗಲ್ಲ.

ಎರಡನೆಯದು, ಎಲ್ಲ ಫೈಲ್ ಸೇವ್ ಮಾಡಿ ಮುಚ್ಚಿ, ಕಂಪ್ಯೂಟರ್ ಆನ್ ಇರುವಾಗಲೇ ಯುಪಿಎಸ್‌ನ ಗೋಡೆ ಸ್ವಿಚ್ ಆಫ್ ಮಾಡಿ. ಮಾನಿಟರ್, ಸಿಪಿಯು ಎರಡೂ ಆರಿದರೆ ಯುಪಿಎಸ್ ಬ್ಯಾಟರಿ ಸತ್ತಿದೆ. ಮಾನಿಟರ್ ಉಳಿದು ಸಿಪಿಯು ಮಾತ್ರ ರೀಸ್ಟಾರ್ಟ್ ಆದರೆ ಎಸ್‌ಎಂಪಿಎಸ್ ಮೇಲೆ ನನ್ನ ಅನುಮಾನ ಗಟ್ಟಿ. ಈ ಥರದ ಯುಪಿಎಸ್‌ಗಳು ಬ್ಯಾಟರಿಗೆ ಬದಲಾಗಲು ಹತ್ತು ಮಿಲಿಸೆಕೆಂಡ್‌ವರೆಗೆ ತೆಗೆದುಕೊಳ್ಳುತ್ತವೆ. ನಿಮ್ಮ ಎಸ್‌ಎಂಪಿಎಸ್‌ಗೆ ಅಷ್ಟೂ ದಮ್ಮಿಲ್ಲ ಅಂತ ಅರ್ಥ. ಅನುಮಾನವಿದ್ದರೆ ಅದೇ ಯುಪಿಎಸ್‌ಗೆ ಸ್ನೇಹಿತರ ಕಂಪ್ಯೂಟರ್ ಹಾಕಿ ನೋಡಿ. ಅದು ನಿಂತರೆ ಯುಪಿಎಸ್ ನಿರಪರಾಧಿ.

ನೀಲಿ ಪರದೆ ಓದಲು ಒಂದು ಸಣ್ಣ ಬದಲಾವಣೆ ಬೇಕು. ವಿಂಡೋಸ್‌ನಲ್ಲಿ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಅದರೊಳಗೆ ಸ್ಟಾರ್ಟಪ್ ಅಂಡ್ ರಿಕವರಿ, ಅಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಅನ್ನೋ ಟಿಕ್ ತೆಗೆಯಿರಿ. ಮುಂದಿನ ಸಲ ಪರದೆ ನಿಂತೇ ಇರುತ್ತದೆ, ಮೊಬೈಲ್‌ನಲ್ಲಿ ಫೋಟೊ ಹಿಡಿಯಿರಿ. ಟಿಕ್ ತೆಗೆದ ಮೇಲೂ ನೀಲಿ ಪರದೆ ಬಾರದೆ ನೇರ ರೀಸ್ಟಾರ್ಟ್ ಆದರೆ, ವಿಂಡೋಸ್‌ಗೆ ಏನಾಯಿತು ಅಂತ ಬರೆದುಕೊಳ್ಳಲೂ ಸಮಯ ಸಿಗಲಿಲ್ಲ, ಬುಡದಲ್ಲೇ ಕರೆಂಟ್ ಕಡಿಯಿತು ಅಂತ ಲೆಕ್ಕ. ಪ್ರತಿ ಸಲ ಬೇರೆ ಬೇರೆ ಕೋಡ್ ಬಂದರೆ ರ‍್ಯಾಮ್ ನೋಡಬೇಕು.

ಇಲ್ಲೊಂದು ಎಚ್ಚರಿಕೆ. ವಿಂಡೋಸ್ ತನ್ನೊಳಗೆ ನಡೆದದ್ದನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದರೆ ಕೆಂಪು ಗುರುತಿನ ಜೊತೆ ‘ಕರ್ನಲ್-ಪವರ್ 41’ ಅಂತ ಸಾಲುಸಾಲು ಕಾಣುತ್ತದೆ. ಪವರ್ ಅನ್ನೋ ಪದ ನೋಡಿ ‘ಎಸ್‌ಎಂಪಿಎಸ್ ಹೋಗಿದೆ’ ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಅದು ಹೇಳುವುದು ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ಯಾಕೆ ಅಂತ ಹೇಳಲ್ಲ. ನೀವೇ ಸ್ವಿಚ್ ಕಿತ್ತರೂ ಅದೇ ಸಾಲು ಬರುತ್ತದೆ.

ಫಾರ್ಮ್ಯಾಟ್ ಬಗ್ಗೆ: ಎರಡು ಸಲ ಮಾಡಿಸಿಯೂ ಅದೇ ಕಾಯಿಲೆ ಅಂದರೆ, ಮೂರನೇ ಸಲಕ್ಕೆ ದುಡ್ಡು ಕೊಡಬೇಡಿ. ಜ್ವರ ಬಂದವನಿಗೆ ಅಂಗಿ ಬದಲಿಸಿದ ಹಾಗೆ ಅದು.

ಇನ್ನು ಒಳಗಡೆ. ನಿಮ್ಮ ಏರಿಯಾದ ಕಂಪ್ಯೂಟರ್‌ಗಳನ್ನು ಬಿಚ್ಚಿದರೆ ಬರೀ ಧೂಳು ಇರಲ್ಲ, ಭಟ್ಟಿಯ ಮಸಿಯೂ ಸೇರಿ ಜಿಡ್ಡು ಜಿಡ್ಡಾದ ಕಪ್ಪು ಪದರ ಇರುತ್ತದೆ. ಪ್ರೊಸೆಸರ್ ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ಅದು ಕಂಬಳಿಯ ಹಾಗೆ ಕೂತಿರುತ್ತದೆ. ಫ್ಯಾನ್ ತಿರುಗುತ್ತಿದೆಯಲ್ಲ ಅಂತ ಮೇಲಿಂದ ನೋಡಿ ಮೋಸ ಹೋಗುತ್ತೇವೆ. ತಿರುಗುತ್ತದೆ, ಗಾಳಿ ಕೆಳಗೆ ಇಳಿಯಲ್ಲ. ಪ್ಲಗ್ ಕಿತ್ತು, ಬ್ರಷ್ ಮತ್ತು ಬ್ಲೋವರ್‌ನಿಂದ ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಿ, ಇಲ್ಲದಿದ್ದರೆ ಅದು ಗಿರಗಿರ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಐ3 ಜೊತೆ ಬಂದ ಫ್ಯಾನ್‌ಗೆ ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಪಿನ್ ಇರುತ್ತದೆ, ಒತ್ತಿ ಕೂರಿಸುವಂಥದ್ದು. ಹಳತಾದಾಗ ಒಂದು ಪಿನ್ ಎದ್ದುಬರುವುದು ಮಾಮೂಲು. ಫ್ಯಾನ್ ಅನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಪ್ರೊಸೆಸರ್‌ಗೆ ಸರಿಯಾಗಿ ತಾಗಿಲ್ಲ. ಬಿಚ್ಚಿದ ಮೇಲೆ, ಪ್ರೊಸೆಸರ್‌ನ ಬಿಸಿಯನ್ನು ಮೇಲೆ ದಾಟಿಸಲು ಹಚ್ಚಿದ್ದ ಪೇಸ್ಟ್ ಒಣಗಿ ಗೋಡೆ ಸುಣ್ಣದ ಹಾಗೆ ಪುಡಿ ಉದುರುತ್ತದೆ, ಅದನ್ನು ಪೂರ್ತಿ ಒರೆಸಿ ಹೊಸದು ಹಾಕಿ. ತೊಗರಿ ಕಾಳಿನಷ್ಟು ಸಾಕು. ನಮ್ಮೂರ ದೋಸೆಗೆ ಬೆಣ್ಣೆ ಇಟ್ಟ ಹಾಗೆ ಇಡಬೇಡಿ. ಆಮೇಲೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆ) ಅಥವಾ ಎಚ್‌ಡಬ್ಲ್ಯುಮಾನಿಟರ್ ಥರದ ತಂತ್ರಾಂಶದಲ್ಲಿ ಬಿಸಿ ನೋಡಿ. ಕೆಲಸದ ಹೊತ್ತಲ್ಲಿ 70 ಡಿಗ್ರಿ ಆಸುಪಾಸು ಇದ್ದರೆ ಚಿಂತೆ ಬೇಡ. 90 ದಾಟುತ್ತಿದ್ದರೆ ಅದೂ ಒಂದು ಕಾರಣವೇ.

ಕ್ಯಾಬಿನೆಟ್ ತೆರೆದಿರುವಾಗಲೇ ಬೋರ್ಡ್ ಮೇಲಿನ ಡಬ್ಬಿಯಂಥ ಕೆಪ್ಯಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇರಬೇಕು. ಗೀರು ಹಾಕಿದ ತಲೆ ಮಂಡಕ್ಕಿ ಅರಳಿದ ಹಾಗೆ ಉಬ್ಬಿದ್ದರೆ, ಇಲ್ಲವೇ ಕಂದು ಬಣ್ಣದ ಅಂಟು ಸೋರಿದ್ದರೆ, ಆಗ ಬೋರ್ಡ್ ಅಂದವರು ಹೇಳಿದ್ದು ಸರಿ. ಅದನ್ನು ತೋರಿಸದೆ ಬರೀ ಬಾಯಲ್ಲಿ ‘ಬೋರ್ಡ್ ಹೋಗಿದೆ’ ಅಂದರೆ ಒಪ್ಪಬೇಡಿ.

ರ‍್ಯಾಮ್ ಎರಡನ್ನೂ ತೆಗೆದು, ಬಂಗಾರದ ಬಣ್ಣದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಪುಡಿ ಒರೆಸಿ, ಟಕ್ ಅಂತ ಶಬ್ದ ಬರುವ ಹಾಗೆ ಕೂರಿಸಿ. ಆಮೇಲೆ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಒಂದು ರಾತ್ರಿ ಓಡಿಸಿ. ಇದು ಉಚಿತ. ಬೆಳಿಗ್ಗೆ ಒಂದೇ ಒಂದು ಎರರ್ ಇದ್ದರೂ ಅದು ಫೇಲ್. ‘ಒಂದೇ ಅಲ್ವಾ’ ಅನ್ನೋ ರಿಯಾಯಿತಿ ರ‍್ಯಾಮ್‌ಗೆ ಇಲ್ಲ. ಆಗ ಒಂದೊಂದೇ ಹಾಕಿ, ಯಾವುದು ಕೆಟ್ಟಿದೆ ಅಂತ ಹಿಡಿಯಬಹುದು.

ಅಂದ ಹಾಗೆ ನನ್ನದೇ ಒಂದು ಮರ್ಯಾದೆ ಹೋದ ಕಥೆ. ಚಿತ್ರದುರ್ಗದ ಒಂದು ಅಂಗಡಿಯ ಕಂಪ್ಯೂಟರ್ ಹೀಗೇ ಬೀಳುತ್ತಿತ್ತು. ರ‍್ಯಾಮ್ ಬದಲಿಸಿದೆ, ಎಸ್‌ಎಂಪಿಎಸ್ ಬದಲಿಸಿದೆ, ಮೂರು ವಾರ ಓಡಾಡಿದೆ. ಕೊನೆಗೆ ಅಂಗಡಿಯವರ ಮಗಳು, ಹೈಸ್ಕೂಲ್ ಹುಡುಗಿ, ‘ಅಂಕಲ್, ಹಬ್ಬ ಆದ ಮೇಲೆ ಶುರುವಾಗಿದ್ದು’ ಅಂದಳು. ಆಯುಧ ಪೂಜೆಗೆ ಹಚ್ಚಿದ ಗಂಧ, ಕುಂಕುಮ ರೀಸೆಟ್ ಬಟನ್ ಸಂದಿಗೆ ಇಳಿದು ಒಣಗಿತ್ತು. ಬಟನ್ ಅರ್ಧ ಒತ್ತಿಕೊಂಡೇ ಇತ್ತು, ಟೇಬಲ್‌ಗೆ ಮೊಣಕಾಲು ತಾಗಿದರೆ ರೀಸ್ಟಾರ್ಟ್. ಅವತ್ತಿನಿಂದ ನಾನು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಬೋರ್ಡ್‌ನಿಂದ ರೀಸೆಟ್ ಸ್ವಿಚ್ಚಿನ ಎರಡು ಪಿನ್ ವೈರ್ ಕಿತ್ತು ಎರಡು ದಿನ ಓಡಿಸುವುದು. ನೀವೂ ಮಾಡಿ, ಅದಿಲ್ಲದೆ ಕಂಪ್ಯೂಟರ್‌ಗೆ ಏನೂ ಆಗಲ್ಲ.

ಆ ‘ಜುಮ್’ ಬಗ್ಗೆ ಸ್ವಲ್ಪ ಗಂಭೀರವಾಗಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಸ್ವಲ್ಪ ಕರೆಂಟ್ ಕ್ಯಾಬಿನೆಟ್‌ಗೆ ಸೋರುತ್ತದೆ, ಅದು ಅರ್ಥಿಂಗ್ ಮೂಲಕ ಭೂಮಿಗೆ ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಮೇನ್ಸ್‌ನ ಅರ್ಧದಷ್ಟು, ಸುಮಾರು 115 ವೋಲ್ಟ್ ತೋರಿಸಬಹುದು. ಕರೆಂಟ್ ತೀರಾ ಕಡಿಮೆ, ಹಾಗಾಗಿ ಬರೀ ಜುಮ್ ಅನ್ನುತ್ತದೆ. ಆದರೆ ಎಸ್‌ಎಂಪಿಎಸ್ ನಿಜವಾಗಿ ಕೆಟ್ಟು ಲೈನ್ ತಾಗಿದ ದಿನ ಜುಮ್‌ನಲ್ಲಿ ನಿಲ್ಲಲ್ಲ. ಬಾಡಿಗೆ ಮಳಿಗೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೇಲಿನ ತೂತಿಗೆ ವೈರೇ ಇರದಿರುವುದು ಎಷ್ಟೋ ಕಡೆ ಇದೆ. ಎಲೆಕ್ಟ್ರಿಷಿಯನ್ ಕರೆಸಿ ಇದನ್ನು ಮೊದಲು ಸರಿ ಮಾಡಿಸಿ, ಮಾಲೀಕರನ್ನು ಕೇಳಿಯೇ ಮಾಡಿಸಿ. ಮೂರು ಪಿನ್ ಪ್ಲಗ್‌ನ ದೊಡ್ಡ ಪಿನ್ ಮುರಿದು ಎರಡು ತೂತಿಗೆ ತುರುಕಿದ್ದರೆ ಇವತ್ತೇ ಬದಲಿಸಿ.

ಇಷ್ಟಾದ ಮೇಲೂ ಬಿದ್ದರೆ, ಎಸ್‌ಎಂಪಿಎಸ್ ಕೊಳ್ಳುವ ಮುಂಚೆ ಎರಡು ದಿನಕ್ಕೆ ಒಂದನ್ನು ಎರವಲು ತಂದು ಹಾಕಿ ನೋಡಿ. ಮಲ್ಟಿಮೀಟರ್ ಇರುವ ಮೆಕ್ಯಾನಿಕ್ ಆದರೆ 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗೆ, 5 ವೋಲ್ಟ್ ಲೈನ್ 4.75ರಿಂದ 5.25ರ ಒಳಗೆ ಇದೆಯಾ ನೋಡಲಿ. ಆದರೆ ಕ್ಷಣ ಮಾತ್ರದ ಕುಸಿತ ಮೀಟರ್‌ನಲ್ಲಿ ಕಾಣಲ್ಲ, ಹಾಗಾಗಿ ಎರವಲು ಪರೀಕ್ಷೆಯೇ ನಂಬಿಕಸ್ಥ. ಕೊಳ್ಳುವಾಗ ಹೆಸರಿಲ್ಲದ ಡಬ್ಬಿಯ ಮೇಲಿನ ‘450 ವ್ಯಾಟ್’ ನಂಬಬೇಡಿ. ಕೈಯಲ್ಲಿ ಎತ್ತಿ ನೋಡಿ, ಹಗುರ ಇದ್ದರೆ ಬೇಡ. ಹಳೆಯದನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಕೂತಿರಬಹುದು.

ಹೊಸದು ಬೇಕಾ ಅಂದಿರಿ. ಎಸ್‌ಎಂಪಿಎಸ್, ರ‍್ಯಾಮ್‌ವರೆಗೆ ಖರ್ಚು ಮಾಡಿ, ತಪ್ಪಿಲ್ಲ. ಬೋರ್ಡೇ ಹೋಗಿದ್ದರೆ ಈ ಯಂತ್ರಕ್ಕೆ ಇನ್ನು ದುಡ್ಡು ಸುರಿಯಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಎರಡನೇ ತಲೆಮಾರಿನ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರೂ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ನೋಡಿ. ಮತ್ತೆ, ಇದೆಲ್ಲಕ್ಕೂ ಮುಂಚೆ ಗಿರಾಕಿಗಳ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಪದೇ ಪದೇ ಹೀಗೆ ಬೀಳುವ ಯಂತ್ರದಲ್ಲಿ ಹಾರ್ಡ್ ಡಿಸ್ಕ್ ಕೂಡ ಏಟು ತಿನ್ನುತ್ತಿರುತ್ತದೆ.

ಪ್ರಶ್ನೆ: ನನ್ನ ಹಳೇ ಕಂಪ್ಯೂಟರ್ ಬೆಳಿಗ್ಗೆ ಆನ್ ಮಾಡಿದರೆ ತಾರೀಖು ಹಳೆಯ ವರ್ಷಕ್ಕೆ ಹೋಗಿರುತ್ತದೆ. ವೆಬ್‌ಸೈಟ್‌ಗಳು ಸುರಕ್ಷಿತವಲ್ಲ ಅನ್ನುತ್ತವೆ. ಮೊನ್ನೆಯಿಂದ ವಿಂಡೋಸ್ ಶುರುವಾಗುವಾಗಲೇ ನೀಲಿ ಪರದೆ. ವೈರಸ್ಸಾ?
– ಒಬ್ಬ ಓದುಗರು, ಚಿತ್ರದುರ್ಗ

ಉತ್ತರ: ವೈರಸ್ ಅಲ್ಲ, ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ. ಸಿಆರ್2032 ಅಂತ ಕೇಳಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. 3 ವೋಲ್ಟ್ ಇರಬೇಕು. ಅದು ಸತ್ತರೆ ಪ್ಲಗ್ ಕಿತ್ತಾಗೆಲ್ಲ ಗಡಿಯಾರದ ಜೊತೆ ಬಯಾಸ್ ಸೆಟ್ಟಿಂಗ್‌ಗಳೂ ಅಳಿಸಿಹೋಗುತ್ತವೆ. ನಿಮ್ಮ ನೀಲಿ ಪರದೆ ಬಹುಶಃ ಅದರಿಂದಲೇ. ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿಯನ್ನು ಹೇಳುವ ಸೆಟ್ಟಿಂಗ್ ಸಾಟಾ ಮೋಡ್, ಅದು ಎಎಚ್‌ಸಿಐ ಇದ್ದದ್ದು ಹಳೇ ರೀತಿಯಾದ ಐಡಿಇಗೆ ತಿರುಗಿದರೆ ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗಲ್ಲ. ಬ್ಯಾಟರಿ ಹಾಕಿ, ಬಯಾಸ್‌ನಲ್ಲಿ ಆ ಮೋಡ್ ಮೊದಲಿನಂತೆ ಮಾಡಿ, ತಾರೀಖು ಸರಿ ಮಾಡಿ. ಹೊಸ ಬ್ಯಾಟರಿಯನ್ನು ಅಕ್ಷರ ಇರುವ ಮುಖ ಮೇಲೆ ಬರುವ ಹಾಗೆ ಕೂರಿಸಿ. ಫಾರ್ಮ್ಯಾಟ್ ಮಾಡೋಣ ಅಂತ ಯಾರಾದರೂ ಅಂದರೆ, ಇದನ್ನು ನೋಡಿದ ಮೇಲೆ ಮಾತಾಡೋಣ ಅನ್ನಿ.