ಸಂಪಾದಕರ ಉತ್ತರ: ಜಪಾನಿನ ವಿರಹಗೀತೆಗಳಲ್ಲಿ ಅಳುತ್ತಿರುವವರು ಯಾರು?

ಮಾನ್ಯರೇ,

ಜಪಾನಿನ ಜನಪ್ರಿಯ ಗೀತೆಗಳ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಶಿರಸಿಯಿಂದ ಬರೆದ ದೀರ್ಘ ಪತ್ರ ತಲುಪಿತು. ಮಗಳು ಸದಾ ಕೇಳುವ ಆ ಹಾಡುಗಳನ್ನು ಇಂಗ್ಲಿಷ್ ಅಡಿಬರಹದ ನೆರವಿನಿಂದ ತಾವೂ ಕೇಳಿದಿರೆಂದೂ, ಪ್ರೀತಿ ಮುರಿದುಬಿದ್ದ ಹೆಣ್ಣು ಅವುಗಳಲ್ಲಿ ಕಾಯುತ್ತಾಳೆ, ಅಳುತ್ತಾಳೆ, ಆದರೆ ಬಿಟ್ಟುಹೋದವನನ್ನು ಒಂದು ಮಾತೂ ಕೇಳುವುದಿಲ್ಲವೆಂದೂ ಬರೆದಿದ್ದೀರಿ. ಇಂಥ ತಗ್ಗಿ ನಡೆಯುವಿಕೆಯನ್ನು ಸೊಗಸೆಂದು ಹೊಗಳುವುದು ಪತ್ರಿಕೆಗೆ ತಕ್ಕುದೇ ಎಂಬುದು ತಮ್ಮ ಆಕ್ಷೇಪ. ಭಾಷೆಯೇ ತಿಳಿಯದ ಹಾಡಿಗೆ ಮಗಳ ಕಣ್ಣು ತುಂಬಿಬರುವುದು ಹೇಗೆಂಬುದು ತಮ್ಮ ಎರಡನೆಯ ಪ್ರಶ್ನೆ.

ಆಕ್ಷೇಪದಲ್ಲಿ ಸತ್ಯವಿದೆ, ಅದನ್ನೇ ಮೊದಲು ಹೇಳುತ್ತೇನೆ. ‘ಎನ್ಕಾ’ ಎಂದು ಕರೆಯಲಾಗುವ ಹಳೆಯ ಬಗೆಯ ಜನಪ್ರಿಯ ಗೀತೆಗಳಲ್ಲಿ ಹೆಣ್ಣಿನ ದುಃಖವನ್ನು ಬರೆದವರು ಬಹುಪಾಲು ಗಂಡಸರು. ಎಷ್ಟೋ ಸಲ ಹಾಡಿದವರೂ ಗಂಡಸರೇ. ಮೋರಿ ಶಿನ್‌ಇಚಿ ಎಂಬ ಗಾಯಕ 1966ರಲ್ಲಿ ಮೊದಲ ಬಾರಿಗೆ ಕೇಳುಗರ ಮುಂದೆ ಬಂದದ್ದೇ ‘ಹೆಣ್ಣಿನ ನಿಟ್ಟುಸಿರು’ ಎಂಬ ಅರ್ಥದ ಹಾಡಿನಿಂದ. ಮಿಯಾಕೊ ಹಾರುಮಿ ಹಾಡಿದ, 1976ರ ಜಪಾನ್ ರೆಕಾರ್ಡ್ ಪ್ರಶಸ್ತಿ ಪಡೆದ ‘ಕಿತಾ ನೊ ಯಾದೊ ಕಾರಾ’ದಲ್ಲಿ ಉತ್ತರದ ವಸತಿಗೃಹವೊಂದರಲ್ಲಿ ಕುಳಿತ ಹೆಣ್ಣು, ತನ್ನವನು ಎಂದೂ ತೊಡಲಾರನೆಂದು ಗೊತ್ತಿದ್ದೂ ಅವನಿಗಾಗಿ ಸ್ವೆಟರ್ ಹೆಣೆಯುತ್ತಾಳೆ. ಅದರ ಸಾಹಿತ್ಯ ಆಕು ಯೂ ಎಂಬ ಗೀತರಚನಕಾರರದು. ಇಂಥ ಹಾಡುಗಳಲ್ಲಿ ಕಾಣುವುದು ಹೆಣ್ಣೊಬ್ಬಳ ಮನಸ್ಸಿಗಿಂತ ಹೆಚ್ಚಾಗಿ, ತನ್ನನ್ನು ಹೀಗೆ ನೆನೆಯಲಿ ಎಂಬ ಗಂಡಸಿನ ಹಂಬಲವೇ ಎಂದು ಯಾರಾದರೂ ವಾದಿಸಿದರೆ ನಾನು ಪೂರ್ತಿ ಅಲ್ಲಗಳೆಯಲಾರೆ.

ಆದರೆ ಅದೇ ಆಕು ಯೂ ಬರೆದು, ಮಿಕಿ ತಕಾಶಿ ರಾಗ ಸಂಯೋಜಿಸಿ, ಇಶಿಕಾವಾ ಸಯೂರಿ ಹಾಡಿದ ‘ತ್ಸುಗಾರು ಕೈಕ್ಯೋ ಫುಯುಗೆಶಿಕಿ’ಯನ್ನು ತಾವು ಕೇಳಬೇಕೆಂದು ಕೋರುತ್ತೇನೆ. 1977ರಲ್ಲಿ ಬಿಡುಗಡೆಯಾದ ಈ ಹಾಡಿನ ಹೆಸರಿಗೆ ತ್ಸುಗಾರು ಜಲಸಂಧಿಯ ಚಳಿಗಾಲದ ನೋಟ ಎಂಬ ಅರ್ಥ. ಟೋಕಿಯೋದ ಉಎನೊ ನಿಲ್ದಾಣದಿಂದ ರಾತ್ರಿ ರೈಲಿನಲ್ಲಿ ಹೊರಟವಳು ಹೊನ್ಶು ದ್ವೀಪದ ಉತ್ತರ ತುದಿಯಲ್ಲಿರುವ ಅಓಮೊರಿಯಲ್ಲಿ ಇಳಿಯುವಾಗ ನಿಲ್ದಾಣವೆಲ್ಲ ಹಿಮ. ಹೊಕ್ಕೈಡೊ ದ್ವೀಪಕ್ಕೆ ಒಯ್ಯುವ ಹಡಗಿನತ್ತ ನಡೆಯುವ ಜನರಲ್ಲಿ ಯಾರ ಬಾಯಲ್ಲೂ ಮಾತಿಲ್ಲ, ಕೇಳುವುದು ಕಡಲಿನ ಮೊರೆತ ಮಾತ್ರ. ಹಡಗಿನಲ್ಲಿ ಅಪರಿಚಿತರೊಬ್ಬರು ಅಗೋ ತಪ್ಪಿ ಭೂಶಿರ ಎಂದು ಕೈತೋರುತ್ತಾರೆ, ಅವಳು ಮಬ್ಬು ಹಿಡಿದ ಕಿಟಕಿಯನ್ನು ಒರೆಸಿ ನೋಡುತ್ತಾಳೆ. ಪ್ರೀತಿ ಏಕೆ ಮುರಿಯಿತು, ತಪ್ಪು ಯಾರದು, ಅವನು ಎಂಥವನು ಎಂಬುದರ ಬಗ್ಗೆ ಹಾಡು ಒಂದಕ್ಷರವನ್ನೂ ಹೇಳುವುದಿಲ್ಲ. ಅವನಿಗೆ ವಿದಾಯ ಹೇಳಿ, ತಾನು ಊರಿಗೆ ಹೋಗುತ್ತಿದ್ದೇನೆ ಎಂದಷ್ಟೇ ತಿಳಿಸುತ್ತಾಳೆ. ಅಳುತ್ತಾಳೆ, ನಿಜ. ಆದರೆ ಬಿಟ್ಟು ಹೊರಟವಳು ಅವಳೇ ಎಂಬುದನ್ನು ತಾವು ಗಮನಿಸಬೇಕು. ಟಿಕೇಟು ಕೊಂಡವಳು ಅವಳು, ಇಡೀ ರಾತ್ರಿ ರೈಲಿನಲ್ಲಿ ಕುಳಿತವಳು ಅವಳು, ಇನ್ನು ಹಿಂದಿರುಗುವುದಿಲ್ಲವೆಂದು ತೀರ್ಮಾನಿಸಿದವಳೂ ಅವಳೇ.

ಈ ಪ್ರಯಾಣದ ಹಿಂದೆ ಒಂದು ಚರಿತ್ರೆಯಿದೆ, ಅದನ್ನು ತಿಳಿಯದೆ ಹಾಡಿನ ಅರ್ಧವಷ್ಟೇ ನಮಗೆ ದಕ್ಕುತ್ತದೆ. ಯುದ್ಧಾನಂತರದ ಜಪಾನಿನಲ್ಲಿ, 1954ರಿಂದ 1975ರವರೆಗೆ, ಈಶಾನ್ಯದ ಹಳ್ಳಿಗಳಲ್ಲಿ ಆಗತಾನೆ ಶಾಲೆ ಮುಗಿಸಿದ ಹದಿಹರೆಯದವರನ್ನು ಗುಂಪುಗುಂಪಾಗಿ ಕಾರ್ಖಾನೆ ಮತ್ತು ಅಂಗಡಿಗಳ ಕೆಲಸಕ್ಕೆ ಒಯ್ಯುವ ವಿಶೇಷ ರೈಲುಗಳಿದ್ದವು, ಮತ್ತು ಅವರು ಬಂದಿಳಿಯುತ್ತಿದ್ದದ್ದು ಇದೇ ಉಎನೊ ನಿಲ್ದಾಣದಲ್ಲಿ. ಬಂದ ದಾರಿಯಲ್ಲೇ ಹಿಂದಿರುಗುವ ಹೆಣ್ಣಿನ ಹಾಡು ಆ ಪೀಳಿಗೆಗೆ ಕೇವಲ ಪ್ರಣಯಭಂಗದ ಹಾಡಾಗಿರಲಿಲ್ಲ. ನಗರದ ಬದುಕನ್ನು ನಂಬಿ ಬಂದು ಸೋತವರೆಲ್ಲರ ಅಳಲು ಅದರಲ್ಲಿತ್ತು. ಇನ್ನು ಆ ಹಡಗಿನ ದಾರಿಯೂ ಸಾಮಾನ್ಯವಾದದ್ದಲ್ಲ. 1954ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ‘ತೋಯಾ ಮಾರು’ ಎಂಬ ಹಡಗು ಹೊಕ್ಕೈಡೊದ ಹಾಕೊದಾತೆ ಬಂದರಿನ ಬಳಿ ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ದುರಂತ ಕಡಲಡಿಯ ಸುರಂಗದ ಯೋಜನೆಗೆ ಒತ್ತು ಕೊಟ್ಟಿತು. 53.85 ಕಿಲೋಮೀಟರ್ ಉದ್ದದ ಸೈಕನ್ ಸುರಂಗ 1988ರ ಮಾರ್ಚಿನಲ್ಲಿ ತೆರೆದಾಗ, ರೈಲು ಇಳಿದು ಹತ್ತಬೇಕಿದ್ದ ಆ ಹಡಗುಗಳ ಸಂಚಾರ ನಿಂತಿತು. ಇಂದು ತಪ್ಪಿ ಭೂಶಿರದಲ್ಲಿ ಈ ಹಾಡಿಗಾಗಿಯೇ ಒಂದು ಶಿಲಾಸ್ಮಾರಕವಿದೆ. ಗುಂಡಿ ಒತ್ತಿದರೆ ಹಾಡು ಕೇಳಿಸುತ್ತದೆ. ಮುರಿದ ಪ್ರೀತಿಯ ಹಾಡೊಂದಕ್ಕೆ ಕಡಲಂಚಿನಲ್ಲಿ ಕಲ್ಲು ನೆಡುವ ಜನರ ಮೇಲೆ ನನಗೆ ಗೌರವ ಹುಟ್ಟುತ್ತದೆ.

ದೂರದ ನಗರವೇ ಪ್ರೀತಿಯನ್ನು ಕಸಿದುಕೊಳ್ಳುವ ಕಥೆ 1975ರ ಇನ್ನೊಂದು ಹಾಡಿನಲ್ಲಿಯೂ ಇದೆ. ಓತಾ ಹಿರೊಮಿ ಹಾಡಿದ ‘ಮೊಮೆನ್ ನೊ ಹಂಕಾಚೀಫು’ ಊರಿನಲ್ಲಿ ಉಳಿದವಳು ಮತ್ತು ಪೂರ್ವದ ರೈಲು ಹತ್ತಿ ನಗರಕ್ಕೆ ಹೋದವನ ನಡುವಿನ ಸಂವಾದದ ರೂಪದಲ್ಲಿದೆ. ಪ್ರತಿ ಚರಣದಲ್ಲೂ ಮೊದಲು ಅವನ ಮಾತು, ಅನಂತರ ಅವಳದು. ಅವನು ಕೊಡಲು ಬಯಸಿದ್ದನ್ನೂ ಕಳುಹಿಸಿದ್ದನ್ನೂ ಅವಳು ಒಂದೊಂದಾಗಿ ಬೇಡವೆನ್ನುತ್ತಾಳೆ, ನಗರದ ಬಣ್ಣ ಬಳಿದುಕೊಳ್ಳದೆ ಬಾ ಎಂದಷ್ಟೇ ಕೇಳುತ್ತಾಳೆ. ಇನ್ನು ಬರಲಾರೆನೆಂದು ಅವನು ತಿಳಿಸಿದಾಗ, ಮೊದಲ ಬಾರಿಗೆ ಒಂದು ವಸ್ತುವನ್ನು ಬೇಡುತ್ತಾಳೆ: ಕಣ್ಣೀರು ಒರೆಸಿಕೊಳ್ಳಲು ಒಂದು ಹತ್ತಿಯ ಕರವಸ್ತ್ರ. ಬರೆದವರು ಮತ್ಸುಮೊತೊ ತಕಾಶಿ, ಅದಕ್ಕೆ ಮೊದಲು ರಾಕ್ ತಂಡವೊಂದರ ಡ್ರಮ್ ವಾದಕರಾಗಿದ್ದವರು. ಆ ಕೊನೆಯ ಬೇಡಿಕೆಯಲ್ಲಿ ಬೈಗುಳವಿಲ್ಲ ಎಂಬುದು ನಿಜವಾದರೂ, ಅದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಆ ಯುವಕನಿಗೆ ಯಾರು ಕೇಳಬಲ್ಲರು ಎಂದು ನಾನು ಯೋಚಿಸಿದ್ದೇನೆ.

ಹಾಗೆಂದು ಕೋಪವೇ ಇಲ್ಲವೆಂದಲ್ಲ. ಅದೇ ಇಶಿಕಾವಾ ಸಯೂರಿ 1986ರಲ್ಲಿ ಹಾಡಿದ ‘ಅಮಾಗಿ ಗೊಎ’ಯಲ್ಲಿ, ಇಜು ಪರ್ಯಾಯದ್ವೀಪದ ಕಣಿವೆ, ಜಲಪಾತಗಳನ್ನು ದಾಟಿಹೋಗುವ ಹೆಣ್ಣು, ನಿನ್ನನ್ನು ಇನ್ನೊಬ್ಬಳ ಪಾಲಾಗಲು ಬಿಡುವುದಕ್ಕಿಂತ ಕೊಂದುಬಿಡಲೇ ಎಂದು ಕೇಳುತ್ತಾಳೆ. ಪ್ರತಿ ಡಿಸೆಂಬರ್ 31ರ ರಾತ್ರಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಪ್ರಸಾರ ಮಾಡುವ ಗಾಯನ ಸ್ಪರ್ಧೆಯಲ್ಲಿ ಈ ಗಾಯಕಿ ಹಲವು ವರ್ಷ ಒಂದು ವರ್ಷ ತ್ಸುಗಾರು ಜಲಸಂಧಿಯ ಹಾಡು, ಮರುವರ್ಷ ಈ ಹಾಡು ಎಂಬಂತೆ ಹಾಡಿದ್ದಾರೆ. ಮೌನವಾಗಿ ಹಡಗು ಹತ್ತುವವಳೂ ಕೊಲ್ಲಲು ಸಿದ್ಧಳಾದವಳೂ ಒಂದೇ ಕೊರಳಿನಿಂದ ಬರುವುದನ್ನು ಅಲ್ಲಿನ ಕೇಳುಗರು ಸಹಜವೆಂದೇ ಸ್ವೀಕರಿಸಿದ್ದಾರೆ. ಹೆಣ್ಣುಮಕ್ಕಳು ತಾವೇ ಬರೆಯತೊಡಗಿದ ಮೇಲಂತೂ ದನಿಗಳು ಇನ್ನಷ್ಟು ಬೇರೆಯಾದವು. ಸಪ್ಪೊರೊ ನಗರದಲ್ಲಿ ಹುಟ್ಟಿದ ನಕಾಜಿಮಾ ಮಿಯುಕಿ 1977ರಲ್ಲಿ ಸ್ವತಃ ಬರೆದು ಹಾಡಿದ ‘ವಕಾರೆಉತಾ’ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅವರ ಹಾಡುಗಳಲ್ಲಿ ಬಿಟ್ಟುಹೋದವರ ಮೇಲಿನ ಸಿಟ್ಟೂ ತನ್ನ ಮೇಲಿನ ಸಿಟ್ಟೂ ಬಿಚ್ಚಿಟ್ಟುಕೊಳ್ಳುತ್ತವೆ.

ತಮ್ಮ ಮಗಳು ಬಹುಶಃ ಹೆಚ್ಚು ಕೇಳುವುದು ಉತಾದಾ ಹಿಕಾರು ಅವರ ‘ಫಸ್ಟ್ ಲವ್’ ಇರಬೇಕು. 1999ರಲ್ಲಿ ಅದು ಹೊರಬಂದಾಗ ಅದನ್ನು ಬರೆದು ಹಾಡಿದವರಿಗೆ ಹದಿನಾರು ವರ್ಷ. ಅದೇ ಹೆಸರಿನ ಆಲ್ಬಂ ಜಪಾನಿನಲ್ಲಿ ಇಂದಿಗೂ ಅತಿ ಹೆಚ್ಚು ಮಾರಾಟವಾದ ಆಲ್ಬಂ ಆಗಿ ಉಳಿದಿದೆ. ಇಲ್ಲಿ ಹಿಮವಿಲ್ಲ, ಹಡಗಿಲ್ಲ. ಕೊನೆಯ ಮುತ್ತಿನಲ್ಲಿ ಉಳಿದ ತಂಬಾಕಿನ ವಾಸನೆಯಿಂದ ಹಾಡು ಆರಂಭವಾಗುತ್ತದೆ, ನಾಳೆ ಈ ಹೊತ್ತಿಗೆ ತಾನು ಅಳುತ್ತಿರುತ್ತೇನೆ ಎಂದು ಮುಂದಾಗಿಯೇ ತಿಳಿದವರ ದನಿಯಲ್ಲಿ ಸಾಗುತ್ತದೆ. ಅವರ ತಾಯಿ ಫುಜಿ ಕೆಯ್ಕೊ 1970ರ ಸುಮಾರಿಗೆ ಮನೆಮಾತಾಗಿದ್ದ ಎನ್ಕಾ ಗಾಯಕಿ. ಎರಡೂ ದನಿಗಳನ್ನು ಒಂದಾದ ಮೇಲೊಂದು ಕೇಳಿದರೆ, ಸಂಗೀತ ಪೂರ್ತಿ ಬೇರೆಯಾದರೂ ದುಃಖವನ್ನು ತಡೆದು ತಡೆದು ಬಿಡುವ ಬಗೆ ಒಂದೇ ಮನೆಯದೆಂದು ನನಗೆ ಅನ್ನಿಸುತ್ತದೆ.

ಭಾಷೆ ತಿಳಿಯದೆಯೂ ಕಣ್ಣು ತುಂಬುವುದರ ಬಗ್ಗೆ. 1961ರಲ್ಲಿ ಸಕಾಮೊತೊ ಕ್ಯೂ ಹಾಡಿದ, ಕಣ್ಣೀರು ಕೆಳಗೆ ಬೀಳದಿರಲೆಂದು ತಲೆಯೆತ್ತಿ ನಡೆಯುವವನ ಹಾಡು ಜಪಾನಿ ಭಾಷೆಯಲ್ಲೇ ಇದ್ದು 1963ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಎಇ ರೊಕುಸುಕೆ ಅದನ್ನು ಬರೆದದ್ದು ಅಮೆರಿಕದೊಡನೆ ಜಪಾನ್ ಮಾಡಿಕೊಂಡ 1960ರ ಭದ್ರತಾ ಒಪ್ಪಂದದ ವಿರುದ್ಧದ ಚಳವಳಿ ಸೋತ ನೋವಿನಲ್ಲಿ. ಕಳೆದುಕೊಂಡದ್ದು ಏನೆಂದು ಹಾಡಿನಲ್ಲಿ ಹೇಳದೇ ಇದ್ದುದರಿಂದ ಲೋಕವೆಲ್ಲ ಅದನ್ನು ವಿರಹಗೀತೆಯಾಗಿ ಕೇಳಿತು. ಸಂಗೀತದ ಕಾರಣವೂ ಒಂದಿದೆ. ಹಳೆಯ ಜಪಾನಿ ಗೀತೆಗಳು ಹೆಚ್ಚಾಗಿ ಬಳಸಿದ ಐದು ಸ್ವರಗಳ ಒಂದು ಶ್ರೇಣಿ ನಮ್ಮ ಮೋಹನ ರಾಗದ ಸ್ವರಗಳೇ. ಅದರ ಗಾಂಧಾರ, ಧೈವತಗಳನ್ನು ಇಳಿಸಿದರೆ ಎನ್ಕಾದ ಶೋಕದ ಶ್ರೇಣಿ ದೊರೆಯುತ್ತದೆ. ಶಾಸ್ತ್ರೀಯ ಸಂಗೀತ ಕೇಳಿ ಬೆಳೆದ ಕಿವಿಗೆ ಅದು ಪೂರ್ತಿ ಪರಕೀಯವಲ್ಲ.

ಪದಗಳನ್ನೂ ಕನ್ನಡದಲ್ಲಿ ಓದುವಂತಾಗಲಿ ಎಂಬ ತಮ್ಮ ಸಲಹೆ ನಮಗೂ ಒಪ್ಪಿಗೆಯಾಗಿದೆ. ಇವುಗಳ ಸಾಹಿತ್ಯಕ್ಕೆ ಹಕ್ಕುಸ್ವಾಮ್ಯವಿರುವುದರಿಂದ ಅನುಮತಿಯಿಲ್ಲದೆ ಅನುವಾದ ಅಚ್ಚುಹಾಕಲಾರೆವು. ಅನುಮತಿ ಕೋರಿ ಬರೆಯುತ್ತೇವೆ. ಅಷ್ಟರಲ್ಲಿ, ತ್ಸುಗಾರು ಜಲಸಂಧಿಯ ಹಾಡನ್ನು ತಾವೂ ಮಗಳೂ ಒಟ್ಟಿಗೆ ಕುಳಿತು ಕೇಳಿ, ಆ ಹೆಣ್ಣಿನ ಕುರಿತು ತಮ್ಮಿಬ್ಬರ ಅಭಿಪ್ರಾಯವನ್ನು ಬರೆದು ಕಳುಹಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ.

— ಸಂಪಾದಕ