ಕೊನೆ ದಿನಗಳಲ್ಲಿ ಇರೋರ ಪಕ್ಕ ಕೂತಾಗ ಏನು ಮಾತಾಡ್ಬೇಕು? ದೇವರ ವಿಷಯ ಎತ್ತಬಹುದಾ?

ಮಾವನಿಗೆ ಹೊಟ್ಟೆ ಕ್ಯಾನ್ಸರ್, ಇನ್ನು ಮನೇಗೆ ಕರ್ಕೊಂಡ್ ಹೋಗಿ ನೋಡ್ಕೊಳ್ಳಿ ಅಂದ್ಬಿಟ್ಟಿದ್ದಾರೆ, ಊಟ ಬಿಟ್ಟಿದ್ದಾರೆ, ಪಕ್ಕ ಕೂತ್ರೆ ಬಾಯೇ ಬರಲ್ಲ, ದೇವರ ಮಾತಾಡಿದ್ರೆ ಸಮಾಧಾನ ಆಗತ್ತಾ ಅಂತ ಕೇಳಿದೀರ. ನಾನು ಶಿಡ್ಲಘಟ್ಟದ ಕಡೆ ನರ್ಸು, ಹಾಸಿಗೆ ಹಿಡಿದಿರೋರ್ನ ಅವರವರ ಮನೆಗೇ ಹೋಗಿ ನೋಡೋ ಕೆಲ್ಸ, 9 ವರ್ಷ ಆಯ್ತು. ಡಾಕ್ಟ್ರೂ ಅಲ್ಲ, ಸ್ವಾಮಿಗಳೂ ಅಲ್ಲ, ಕಂಡಿದ್ದು ಹೇಳ್ತೀನಿ.

ದೇವರು ಆಮೇಲೆ, ಮೊದ್ಲು ನೋವು ಎಷ್ಟಿದೆ ಕೇಳಿ. ನೋವಿಗೆ ಹಲ್ಲು ಕಚ್ಕೊಂಡಿರೋರ ಕಿವೀಲಿ ವಿಷ್ಣು ಸಹಸ್ರನಾಮ ಹಾಕಿದ್ರೆ ಅದೂ ಒಂದು ಸದ್ದು ಅಷ್ಟೇ. ಜೋರು ನೋವಿಗೆ ಕೊಡೋ ಮಾರ್ಫಿನ್ ಅಂದ ತಕ್ಷಣ ಮನೆಯೋರು ಬೆಚ್ಚಿ ಬೀಳ್ತಾರೆ, ಚಟ ಆಗತ್ತೆ, ಬೇಗ ಹೋಗ್ಬಿಡ್ತಾರೆ ಅಂತ, ಡಾಕ್ಟ್ರು ಹೇಳಿದ ಲೆಕ್ಕದಲ್ಲಿ ಕೊಟ್ರೆ ಹಂಗಾಗೋದು ತುಂಬಾನೇ ಅಪರೂಪ. ಸಾಮಾನ್ಯವಾಗಿ 4 ಗಂಟೆಗೊಂದ್ಸಲ ಕೊಡೋ ಮಾತ್ರೆ ಅದು, ನೋವು ಬರ್ಲಿ ಆಮೇಲೆ ಕೊಡೋಣ ಅಂತ ಕಾಯೋದಲ್ಲ, ಟೈಮಿಗೆ ಕೊಡೋದು. ಹೊಟ್ಟೆ ಕಟ್ಕೊಳತ್ತೆ, ಅದಕ್ಕೂ ಔಷಧಿ ಅವತ್ತೇ ಬರೆಸ್ಕೊಳ್ಳಿ. ಎಲ್ಲಾ ಮೆಡಿಕಲ್ ಶಾಪಲ್ಲೂ ಸಿಗಲ್ಲ, ಟ್ರೀಟ್‌ಮೆಂಟ್ ಆಗಿದ್ದ ಆಸ್ಪತ್ರೇಲೇ ಪ್ಯಾಲಿಯೇಟಿವ್ ವಿಭಾಗ (ವಾಸಿಯಾಗದ ಕಾಯಿಲೆಯೋರ ನೋವು, ಸಂಕಟ ಕಮ್ಮಿ ಮಾಡೋರು) ಎಲ್ಲಿದೆ ಅಂತ ವಿಚಾರಿಸಿ. ಮನೇಲಿ ಸಂಭಾಳಿಸೋಕೆ ಆಗ್ಲೇ ಇಲ್ಲ ಅಂದ್ರೆ ಬೆಂಗಳೂರಲ್ಲಿ ಕರುಣಾಶ್ರಯ ಇದೆ, ಕ್ಯಾನ್ಸರ್ ಕೊನೆ ಹಂತದೋರಿಗೆ, ದುಡ್ಡು ತಗೊಳಲ್ಲ.

ಇನ್ನು ಮಾತಿನ ವಿಷಯ. ಲಂಡನ್ನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಅಂದ್ರೆ ಕೊನೆ ದಿನಗಳಲ್ಲಿ ಇರೋರ್ನ ನೋಡ್ಕೊಳ್ಳೋ ಜಾಗ, ಶುರು ಮಾಡಿದ ಸಿಸಿಲಿ ಸಾಂಡರ್ಸ್ ಅಂತ ಒಬ್ರು, ಅವರೂ ಮೊದ್ಲು ನರ್ಸೇ ಆಗಿದ್ದೋರು, ಡಾಕ್ಟರ್ ಆಗಿದ್ದು ಆಮೇಲೆ (ನಾವು ನರ್ಸುಗಳು ಇದನ್ನ ಹೇಳ್ದೆ ಬಿಡಲ್ಲ). ಮೈ ನೋವು, ಮನಸ್ಸಿನ ನೋವು, ಮನೆಯೋರ ಚಿಂತೆ, ಇಷ್ಟು ದಿನ ಬದುಕಿದ್ದು ಯಾತಕ್ಕೆ ಅನ್ನೋ ಸಂಕಟ, ಇವೆಲ್ಲಾ ಸೇರ್ಕೊಂಡು ಒಂದೇ ನೋವು ಅಂದ್ರು ಅವರು. ಟ್ರೈನಿಂಗಲ್ಲಿ ಇದನ್ನ ಬರ್ಕೊಂಡಿದ್ದೆ, ಪರೀಕ್ಷೇಲೂ ಬರ್ದಿದ್ದೆ, ತಲೆಗೆ ಹೋಗಿದ್ದು ಮಾತ್ರ ಒಬ್ಬ ತಾತನ ಮನೇಲಿ.

ರೇಷ್ಮೆ ಸಾಕ್ಕೊಂಡೇ ಬಾಳಿದ ಜೀವ, ಲಿವರ್ ಕ್ಯಾನ್ಸರ್. ಮಗ ಒಳ್ಳೆಯೋನೇ, ಅಪ್ಪ ಆರಾಮಾಗಿ ಇರ್ಲಿ ಅಂತ ಹೊಸ ಮನೆ ಮುಂದಿನ ರೂಮಲ್ಲಿ ಫ್ಯಾನು, ಟೈಲ್ಸು, ಹೊಸ ಮಂಚ ಎಲ್ಲಾ ಮಾಡಿದ್ದ. ಹಗಲೆಲ್ಲಾ ಸುಮ್ನಿರೋರು, ರಾತ್ರಿ ಆದ್ರೆ ನರಳಾಟ. ಮಾತ್ರೆ ಡೋಸ್ ಡಾಕ್ಟ್ರು ಎರಡ್ಸಲ ಏರಿಸಿದ್ರು, ನರಳಾಟ ಇಳೀಲಿಲ್ಲ. ಒಂದಿನ ಬಿಪಿ ಮಿಷನ್ನು ಬ್ಯಾಗು ಎಲ್ಲಾ ಆಚೆ ಇಟ್ಟು ಮಂಚದ ಪಕ್ಕ ನೆಲದ ಮೇಲೆ ಕೂತೆ, ಸ್ಟೂಲ್ ಇರ್ಲಿಲ್ಲ ಅಂತ ಕೂತಿದ್ದು, ಬೇಕಂತ ಅಲ್ಲ. ಅವರಿಗಿಂತ ಕೆಳಗೆ ಕೂತಿದ್ದಕ್ಕೋ ಏನೋ, ತಾತ ತಾನಾಗೇ ತೆಲುಗಲ್ಲಿ ಶುರು ಮಾಡ್ಕೊಂಡ್ರು, ನಮ್ಮ ಕಡೆ ವಯಸ್ಸಾದೋರು ಸುಸ್ತಾದಾಗ ತೆಲುಗಿಗೆ ಹೋಗ್ಬಿಡ್ತಾರೆ. ಹೇಳಿದ್ದು ಇಷ್ಟು: ಹಳೇ ಮನೇಲಿ ಹುಳ ಇರೋ ಕಡೇನೇ ಇವರೂ ಮಲಗ್ತಿದ್ರು, ನಾಲ್ಕನೇ ಜ್ವರ (ಹುಳ ಪೊರೆ ಕಳಚೋಕೆ ತಿನ್ನೋದು ನಿಲ್ಲಿಸಿ ಮಲಗೋದಕ್ಕೆ ಜ್ವರ ಅಂತಾರೆ) ಎದ್ದ ಹುಳ ರಾತ್ರಿ ಸೊಪ್ಪು ತಿನ್ನೋ ಸದ್ದು ಸೋನೆ ಮಳೆ ಹಂಗೆ ಬರತ್ತೆ, ಅದು ಕಿವಿಗೆ ಬಿದ್ರೇನೇ ನಿದ್ದೆ, ಈ ಹೊಸ ರೂಮಲ್ಲಿ ಏನೂ ಕೇಳಲ್ಲ, ಹುಳ ಎಷ್ಟನೇ ಜ್ವರದಲ್ಲಿದೆ ಅಂತ ಮಗ ಬಂದು ಹೇಳೋದೂ ಇಲ್ಲ.

ಮಗನಿಗೆ ಹೇಳಿದೆ. ಹುಳದ ಮನೆ ಒಳಗೆ ಮಾತ್ರ ಬೇಡ ಸಿಸ್ಟರ್, ರೋಗ ತಗಲತ್ತೆ ಅಂದ, ರೋಗ ಅಪ್ಪನಿಗಲ್ಲ ಹುಳಕ್ಕೆ. ಅದೂ ಸರೀನೇ, ಸಾಲ ಅವನ ತಲೆ ಮೇಲಿತ್ತು. ಕೊನೆಗೆ ಹುಳದ ಮನೆ ಕಿಟಕಿಗೆ ಒತ್ಕೊಂಡು ಇರೋ ಜಗಲಿಗೆ ಮಂಚ ಹಾಕಿ ಸೊಳ್ಳೆ ಪರದೆ ಕಟ್ಟಿದ್ರು. ನೋವು ಪೂರ್ತಿ ಹೋಯ್ತು ಅಂತ ಸುಳ್ಳು ಹೇಳಲ್ಲ, ಮಾತ್ರೆ ಬೇಕೇ ಬೇಕಿತ್ತು, ಆದ್ರೆ ಡೋಸ್ ಮತ್ತೆ ಏರಿಸೋ ಹಾಗೆ ಬರ್ಲಿಲ್ಲ.

ಊಟದ್ದು ಕೇಳಿದೀರಲ್ಲ, ಅದೂ ಅದೇ ಮನೇಲಿ ಆಗಿದ್ದು. ಸೊಸೆ ಪಾಪ ದಿನಾ ಅಂಬಲಿ ಚಮಚದಲ್ಲಿ ಬಾಯಿಗೆ ತುರುಕೋಳು, ಅವರು ಕೆಮ್ಮೋರು, ಅವಳು ಅಳೋಳು. ಒಂದಿನ ತಾತ ಅವಳ ಕೈ ಹಿಡ್ಕೊಂಡು "ಹಣ್ಣಾದ ಹುಳಕ್ಕೆ ಯಾರನ್ನಾ ಸೊಪ್ಪು ಹಾಕ್ತಾರೇನಮ್ಮ" ಅಂದ್ರು. ರೇಷ್ಮೆ ಗೊತ್ತಿಲ್ದೋರಿಗೆ ಹೇಳ್ತೀನಿ, ಹುಳ ಗೂಡು ಕಟ್ಟೋ ಮುಂಚೆ ಸೊಪ್ಪು ಬಿಡತ್ತೆ, ಅದಕ್ಕೆ ಹಣ್ಣಾಗೋದು ಅಂತಾರೆ, ಆಗ ಎತ್ತಿ ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ತಟ್ಟಿಗೆ, ಬಿಡೋದು. ಸೊಸೆ ಅವತ್ತಿಂದ ಚಮಚ ಇಟ್ಬಿಟ್ಟಳು, ಹತ್ತಿ ಒದ್ದೆ ಮಾಡಿ ತುಟಿ ಒರೆಸೋಳು ಅಷ್ಟೇ. ಆದ್ರೆ ನಿಮ್ಮ ಮಾವ ಊಟ ಬಿಟ್ಟಿದ್ದಾರೆ ಅಂದ ತಕ್ಷಣ ಇದೇ ಅಂದ್ಕೋಬೇಡಿ, ಟಾರ್ಚ್ ಹಾಕಿ ಬಾಯಿ ನೋಡಿ, ಹುಣ್ಣು ಅಥವಾ ನಾಲಿಗೆ ಮೇಲೆ ಬಿಳಿ ಪದರ ಇದ್ರೆ ಅದಕ್ಕೆ ಔಷಧಿ ಇದೆ, ವಾಂತಿಗೆ, ಹೊಟ್ಟೆ ಕಟ್ಟಿರೋದಕ್ಕೂ ಇದೆ. ಅದೆಲ್ಲಾ ನೋಡಿಯೂ ಬೇಡ ಅಂದ್ರೆ ಬಲವಂತ ಮಾಡ್ಬೇಡಿ, ಶ್ವಾಸಕ್ಕೆ ಹೋಗತ್ತೆ.

ಈಗ ದೇವರು. ನಾನು ಹೊಸದಾಗಿ ಸೇರಿದಾಗ ಎಲ್ಲರಿಗೂ "ದೇವರಿದ್ದಾನೆ ಬಿಡಿಮ್ಮ" ಅಂತಿದ್ದೆ, ಇಂಜೆಕ್ಷನ್ ಕೊಟ್ಟು ಹತ್ತಿ ಒತ್ತೋ ಹಂಗೆ ಅದೂ ಒಂದು ಅಭ್ಯಾಸ. ಒಬ್ಬ ಅಜ್ಜಿ ಮುಖ ತಿರುಗಿಸಿ "ಇದ್ದಿದ್ರೆ ನನ್ನ ಮಗನ್ನ ಮೊದ್ಲು ಕರ್ಕೊಳ್ತಿದ್ನಾ" ಅಂದ್ರು, ಮಗ ಆಕ್ಸಿಡೆಂಟಲ್ಲಿ ಹೋಗಿದ್ದ, ನಂಗೆ ಗೊತ್ತೇ ಇರ್ಲಿಲ್ಲ, ಯಾಕಂದ್ರೆ ಕೇಳೇ ಇರ್ಲಿಲ್ಲ. ಆಮೇಲೆ ಮೂರು ವಾರ ನನ್ನ ಹತ್ರ ನೋವಿನ ಮಾತು ಬಿಟ್ಟು ಬೇರೆ ಮಾತಾಡ್ಲಿಲ್ಲ ಆ ಅಜ್ಜಿ. ಈಗ್ಲೂ ಆ ಬೀದಿಗೆ ಹೋದಾಗ ನಾಚಿಕೆ ಆಗತ್ತೆ.

ಹಾಗಾಗಿ ನಿಮ್ಮ ದೇವರನ್ನ ತಗೊಂಡು ಹೋಗ್ಬೇಡಿ, ಅವರದ್ದು ಏನಿದೆ ನೋಡಿ. ಒಬ್ರಿಗೆ ಕೈವಾರ ತಾತಯ್ಯನ ತತ್ವಪದ, ಪಕ್ಕದ ಮನೆಯೋರು ತಾಳ ತಂದು ಮೆಲ್ಲಗೆ ಹಾಡಿದ್ರೆ ಸಾಕು. ನೂಲು ಬಿಚ್ಚಾಣಿಕೆ ಮಾಡ್ತಿದ್ದ ಒಬ್ಬ ಸಾಬರು, ಮಂಚ ಖಿಬ್ಲಾ ಕಡೆ, ಅಂದ್ರೆ ಮೆಕ್ಕಾ ದಿಕ್ಕಿಗೆ, ತಿರುಗಿಸಿ ಅಂದ್ರು, ನಾನೂ ಅವರ ಮಗಳೂ ಸೇರಿ ತಿರುಗಿಸಿದ್ವಿ, ಆಕ್ಸಿಜನ್ ಪೈಪ್ ಸಾಲ್ದೆ ಸಿಲಿಂಡರ್ನೂ ಎಳ್ಕೊಂಡು ಹೋಗಿ ಇಟ್ವಿ, ಮಗಳು ಕುರಾನಿಂದ ಯಾಸೀನ್ ಓದಿದ್ಲು, ನಾನು ಸುಮ್ನೆ ನಿಂತಿದ್ದೆ. ದೇವರೇ ಬೇಡ ಅನ್ನೋರೂ ಇದ್ದಾರೆ, ಅವರಿಗೆ ಕೈ ಹಿಡ್ಕೊಂಡು ಕೂತ್ರೆ ಆಯ್ತು, ಫೋನು ಮಾತ್ರ ಆಚೆ ಇಟ್ಟು ಬನ್ನಿ.

ಇನ್ನೊಂದು, "ಏನೂ ಆಗಲ್ಲ, ಹುಷಾರಾಗ್ತೀರ" ಅಂತ ಹೇಳ್ಬೇಡಿ. ಅವರಿಗೆ ಗೊತ್ತಿರತ್ತೆ, ನೀವು ನಾಟಕ ಮಾಡ್ತಿದೀರ ಅಂತ ಅವರೂ ನಾಟಕ ಮಾಡ್ತಾರೆ. "ನಂಗೇನಾಗಿದೆ" ಅಂತ ಅವರೇ ಕೇಳಿದ್ರೆ "ನಿಮಗೇನು ಅನಿಸ್ತಿದೆ ಮಾವ" ಅಂತ ತಿರುಗಿ ಕೇಳಿ, ಎಷ್ಟು ಹೇಳ್ಬೇಕು ಅನ್ನೋದು ಅವರ ಉತ್ತರದಲ್ಲೇ ಗೊತ್ತಾಗತ್ತೆ. ಮಾತು ನಿಂತ್ಮೇಲೂ ಪಕ್ಕದಲ್ಲಿ ಸೈಟಿನ ಜಗಳ, ತಿಥಿ ಖರ್ಚು ಮಾತಾಡ್ಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿಯೋರು ಹಾಸ್ಪೈಸಲ್ಲಿ ಪ್ರಜ್ಞೆ ತಪ್ಪಿದ ಕೆಲವರ ತಲೆಗೆ ಇಇಜಿ (ಮಿದುಳಿನ ವಿದ್ಯುತ್ ಅಲೆ ಅಳೆಯೋ ಮಿಷನ್) ಹಾಕಿ ನೋಡಿ 2020ರಲ್ಲಿ ಹೇಳಿದ್ರು, ಕೊನೆ ಗಂಟೆಗಳಲ್ಲೂ ಮಿದುಳು ಶಬ್ದಕ್ಕೆ ಸ್ಪಂದಿಸಿತ್ತು ಅಂತ.

ರೇಷ್ಮೆ ತಾತನ ಮನೆಗೆ ನಾನು ಕೊನೇಸಲ ಹೋದಾಗ ಅವರು ಎರಡು ದಿನದಿಂದ ಕಣ್ಣು ಬಿಟ್ಟಿರ್ಲಿಲ್ಲ, ಮಾತೂ ಇಲ್ಲ. ಸಂಜೆ ಮಳೆ ಬಂದು ನಿಂತಿತ್ತು, ಮಗ ಸೊಪ್ಪಿನ ಹೊರೆ ತಂದು ಜಗಲೀಲಿ ಇಳಿಸಿದ, ಅದರ ಸದ್ದು, ವಾಸನೆ. ತಾತ ಕಣ್ಣು ಮುಚ್ಕೊಂಡೇ "ನೆಂದಿರೋ ಸೊಪ್ಪು ಹಾಕ್ಬ್ಯಾಡ್ರೋ" ಅಂದ್ರು. ಮಗ "ಇಲ್ಲಪ್ಪ, ಆರಿಸಿ ಹಾಕ್ತೀನಿ" ಅಂತ ಅಲ್ಲೇ ಮಂಚದ ಪಕ್ಕ ಗೋಣಿಚೀಲ ಹಾಸಿ ಸೊಪ್ಪು ಹರಡೋಕೆ ಕೂತ.