ಸಾಗರದಲ್ಲಿ ಸಮುದ್ರ ಎಲ್ಲಿದೆ?

ಪ್ರಶ್ನೆ ಓದಿ ನಗು ಬಂತು. 'ಜೋಗಕ್ಕೆ ಹೋಗುವಾಗ ಸಾಗರ ಅನ್ನೋ ಊರು ಸಿಕ್ಕಿತು, ಸಮುದ್ರವಂತೂ ಇಲ್ಲ, ರಸ್ತೆ ಪಕ್ಕ ಒಂದು ಕೆರೆ ಕಂಡಿತು ಅಷ್ಟೇ. ಈ ಊರಿಗೆ ಇತಿಹಾಸ ಅಂತ ಏನಾದರೂ ಇದೆಯಾ, ಇಲ್ಲ ಬರೀ ಟೀ ಕುಡಿಯೋಕೆ ಬಸ್ಸು ನಿಲ್ಲುವ ಜಾಗವಾ' ಅಂತ ಕೇಳಿದ್ದೀರಿ. ನಾನು ಹೈಸ್ಕೂಲಿನಿಂದ ಡಿಗ್ರಿವರೆಗೆ ಓದಿದ್ದು ಅಲ್ಲೇ. ಈಗ ಬೆಂಗಳೂರಲ್ಲಿದ್ದೇನೆ. ಊರವನು ಅಂತ ಸ್ವಲ್ಪ ಜಾಸ್ತಿ ಹೇಳಿದರೆ ಸಹಿಸಿಕೊಳ್ಳಿ.

ನೀವು ನೋಡಿದಿರಲ್ಲ, ಆ ಕೆರೆಯೇ ಸಾಗರ. ಕೆಳದಿಯ ಸದಾಶಿವ ನಾಯಕ 16ನೇ ಶತಮಾನದಲ್ಲಿ ಅದನ್ನು ಕಟ್ಟಿಸಿದ, ಅದಕ್ಕೆ ಸದಾಶಿವಸಾಗರ ಅಂತ ಹೆಸರಾಯಿತು. ಪಕ್ಕದಲ್ಲಿ ಬೆಳೆದ ಊರಿಗೂ ಅದೇ ಹೆಸರು ಬಂತು. ಬಾಯಲ್ಲಿ ಸವೆದು ಸವೆದು ರಾಜನ ಹೆಸರು ಉದುರಿ ಸಾಗರ ಮಾತ್ರ ಉಳಿಯಿತು. ಇತ್ತ ದಂಡೆ ಮೇಲೆ ಗಣಪತಿ ದೇವಸ್ಥಾನ ಇದ್ದಿದ್ದರಿಂದ ಕೆರೆಗೆ ಗಣಪತಿ ಕೆರೆ ಅನ್ನೋ ಹೆಸರು ನಿಂತಿತು. ಹೀಗೆ ತನ್ನ ಹೆಸರನ್ನು ಊರಿಗೆ ಕೊಟ್ಟು ಕೆರೆ ಬೇರೆ ಹೆಸರಲ್ಲಿ ಬದುಕುತ್ತಿದೆ. ಊರಿನ ಎಷ್ಟೋ ಮಕ್ಕಳಿಗೇ ಇದು ಗೊತ್ತಿಲ್ಲ, ನಿಮಗೆ ಗೊತ್ತಾಗದಿದ್ದರೆ ತಪ್ಪೇನಿಲ್ಲ.

ಇಲ್ಲೇ ಯಾಕೆ ಕೆರೆ ಅಂದರೆ, ಉತ್ತರಕ್ಕೆ ಕೆಳದಿ, ದಕ್ಷಿಣಕ್ಕೆ ಇಕ್ಕೇರಿ. ಎರಡೂ ಕೆಳದಿ ಅರಸರ ರಾಜಧಾನಿಗಳು, ಮೊದಲು ಕೆಳದಿ, ಆಮೇಲೆ ಇಕ್ಕೇರಿ. ಸಾಗರ ಅವೆರಡರ ನಡುವೆ ಇದೆ, ಯಾವ ಕಡೆಗೂ ಹತ್ತು ಕಿ.ಮೀ. ಇಲ್ಲ. 1640ರ ಹೊತ್ತಿಗೆ ರಾಜಧಾನಿ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ ಹೋಯಿತು. ಈಗ ನೋಡಿ, ಕೆಳದಿ ಹಳ್ಳಿ, ಇಕ್ಕೇರಿಯೂ ಹಳ್ಳಿ, ಬಿದನೂರು ಸಣ್ಣ ಊರು. ಯಾವತ್ತೂ ರಾಜಧಾನಿ ಆಗದ ಸಾಗರ ತಾಲ್ಲೂಕು ಕೇಂದ್ರ! ರಾಜರು ಗಂಟುಮೂಟೆ ಕಟ್ಟಿದರೂ ಅಡಿಕೆ, ಅಕ್ಕಿ, ಸಂತೆ ಎಲ್ಲಿಗೂ ಹೋಗಲಿಲ್ಲ ಅಲ್ವಾ.

1623ರಲ್ಲಿ ಪಿಯೆತ್ರೋ ದೆಲ್ಲಾ ವಾಲ್ಲೆ ಅನ್ನೋ ಇಟಲಿಯ ಪ್ರವಾಸಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದಿದ್ದ. ಆಗ ವೆಂಕಟಪ್ಪ ನಾಯಕನ ಆಳ್ವಿಕೆ. ಆ ಕಾಲದ ಇಕ್ಕೇರಿಯಲ್ಲಿ ಈಗ ಕಾಣಲು ಉಳಿದಿದ್ದು ಮುಖ್ಯವಾಗಿ ಅಘೋರೇಶ್ವರ ದೇವಸ್ಥಾನ. ಜೋಗಕ್ಕೆ ಹೋಗುವವರು ಇದನ್ನು ಬಿಟ್ಟು ಹೋಗುವುದೇ ನನಗೆ ಬೇಸರ. ಒಳಗೆ ನೆಲದ ಮೇಲೆ ಅಡ್ಡಬಿದ್ದು ನಮಸ್ಕಾರ ಮಾಡುವ ನಾಯಕರ ಚಿತ್ರ ಕೆತ್ತಿದ್ದಾರೆ, ಅದರಲ್ಲಿ ಒಬ್ಬನಿಗೆ ಕೈಕಾಲಿಗೆ ಕೋಳ. ಅದಕ್ಕಿಂತ ನನಗೆ ಇಷ್ಟವಾದ ಸಂಗತಿ ಇನ್ನೊಂದಿದೆ. ಈ ದೇವಸ್ಥಾನದ ಎರಡು ಕಂಬಗಳ ನಡುವಿನ ಅಂತರವೇ ಒಂದು ಕಾಲಕ್ಕೆ ಈ ಸೀಮೆಯ ಅಡಿಕೆ ತೋಟ ಅಳೆಯುವ ಅಳತೆಯಾಗಿತ್ತಂತೆ, ಸುಮಾರು 18 ಅಡಿ 6 ಅಂಗುಲ. ಅಳತೆಯಲ್ಲಿ ಜಗಳ ಬಂದರೆ ದೇವರ ಕಂಬವೇ ಸಾಕ್ಷಿ. ಆಮೇಲೆ ಬಂದ ಶಿವಪ್ಪ ನಾಯಕ ಭೂಮಿ ಅಳೆಸಿ, ದರ್ಜೆ ಮಾಡಿ ಕಂದಾಯ ನಿಗದಿ ಮಾಡಿದ. ಅದನ್ನೇ 'ಶಿವಪ್ಪ ನಾಯಕನ ಶಿಸ್ತು' ಅನ್ನುವುದು.

ಅಳತೆ ವಿಷಯ ಬಂದಿದ್ದಕ್ಕೆ ಕಾಗೋಡು ಹೇಳಲೇಬೇಕು. ಸಾಗರ ತಾಲ್ಲೂಕಿನ ಸಣ್ಣ ಹಳ್ಳಿ ಅದು. 1951ರಲ್ಲಿ ಅಲ್ಲಿಯ ಗೇಣಿದಾರರು ಜಮೀನಿನ ಒಡೆಯರ ವಿರುದ್ಧ ನಿಂತರು. ಹೆಚ್ಚಿನವರು ದೀವರು ಸಮುದಾಯದವರು. ಮೂಲ ಜಗಳ ಏನು ಗೊತ್ತಾ? ಕೊಳಗ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದು. ವರ್ಷವಿಡೀ ಗೇಯ್ದವನಿಗೆ ಪ್ರತಿ ಕೊಳಗದಲ್ಲೂ ಇಷ್ಟಿಷ್ಟು ಖೋತಾ. ಎಲ್ಲರಿಗೂ ಒಂದೇ ಕೊಳಗ ಇರಲಿ ಅಂದರು, ಆಗಲಿಲ್ಲ. ಕೊನೆಗೆ ನೇಗಿಲು ಹಿಡಿದು ಗದ್ದೆಗೆ ಇಳಿದು ಸಾಲುಸಾಲಾಗಿ ಜೈಲಿಗೆ ಹೋದರು. ರೈತರನ್ನು ಒಟ್ಟುಗೂಡಿಸಿದವರು ಎಚ್. ಗಣಪತಿಯಪ್ಪ. ಸಮಾಜವಾದಿಗಳು ಜೊತೆಗೆ ಬಂದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೆ ಒಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಈ ಕಡೆಯಿಂದಲೇ ಗೆದ್ದು ವಿಧಾನಸಭೆಗೆ ಹೋದರು. ದೇವರಾಜ ಅರಸು ಕಾಲದ 1974ರ ಭೂಸುಧಾರಣೆಯ ಬಗ್ಗೆ ಮಾತಾಡುವವರು ಕಾಗೋಡನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ನಮ್ಮೂರಲ್ಲಿ ಇವತ್ತಿಗೂ ಹೋಟೆಲಿನ ಒಂದೇ ಟೇಬಲ್ಲಿನಲ್ಲಿ ಹಳೇ ಒಡೆಯರ ಮೊಮ್ಮಗ, ಹಳೇ ಗೇಣಿದಾರರ ಮೊಮ್ಮಗ ಕೂತು ಅಡಿಕೆ ರೇಟು ಮಾತಾಡುತ್ತಾರೆ. ಎಲ್ಲ ಮರೆತುಹೋಗಿದೆ ಅಂತಲ್ಲ. ಮಾತು ಒಂದು ಹಂತ ದಾಟಿದರೆ ಅಜ್ಜಂದಿರು ಬಂದೇ ಬರುತ್ತಾರೆ.

ಈಗ ನೀರಿನ ಇನ್ನೊಂದು ಕಥೆ. ಊರಿಗೆ ಹೆಸರು ಕೊಟ್ಟಿದ್ದು ಚಿಕ್ಕ ನೀರು, ಹಳ್ಳಿಗಳನ್ನು ನುಂಗಿದ್ದು ದೊಡ್ಡ ನೀರು. ಶರಾವತಿಗೆ ಮೊದಲು ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು, ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು. ರಾಜ್ಯಕ್ಕೆ ಕರೆಂಟು ಸಿಕ್ಕಿತು, ಇಲ್ಲಿಯವರಿಗೆ 'ಮುಳುಗಡೆ' ಅನ್ನೋ ಶಬ್ದ ಸಿಕ್ಕಿತು. ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರಿನಡಿ ಬಿಟ್ಟು ಜನ ದಿಕ್ಕಾಪಾಲಾದರು. ನನ್ನ ಕ್ಲಾಸಿನಲ್ಲಿ ಅಂಥ ಮನೆಗಳ ಹುಡುಗರು ಬಹಳ ಇದ್ದರು. ಅವರ ಅಪ್ಪಂದಿರು ಜಾಗದ ದಾಖಲೆಗೆ ಅಂತ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನೋಡಿದ್ದೇನೆ. ಹಿನ್ನೀರಿನ ಆಚೆ ತುಮರಿ ಕಡೆಯವರದು ಇನ್ನೊಂದು ಪಾಡು. ಸಾಗರಕ್ಕೆ ಬರಬೇಕಾದರೆ ಲಾಂಚ್ ಹತ್ತಬೇಕಿತ್ತು, ಸಂಜೆ ಲಾಂಚ್ ನಿಂತಮೇಲೆ ಯಾರಿಗಾದರೂ ಹುಷಾರು ತಪ್ಪಿದರೆ ದೇವರೇ ಗತಿಯಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈನಲ್ಲಿ! ಎರಡೂವರೆ ಕಿ.ಮೀ. ಹತ್ತಿರ ಉದ್ದ ಇದೆ. ನೀವು ಸಿಗಂದೂರು ದೇವಸ್ಥಾನಕ್ಕೆ ಅದರ ಮೇಲೆ ಝುಂ ಅಂತ ಹೋಗುವಾಗ ಆರು ದಶಕ ಕಾದವರನ್ನು ಒಂದು ಸಲ ನೆನಪಿಸಿಕೊಳ್ಳಿ.

ಇನ್ನು ಊರಿನ ಗುಣ. ಗದ್ದಲ ಕಮ್ಮಿ, ಚರ್ಚೆ ಜಾಸ್ತಿ. ಹತ್ತಿರದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಅನ್ನೋ ನಾಟಕ ಸಂಸ್ಥೆ ಇರುವುದರಿಂದಲೋ ಏನೋ, ಅಡಿಕೆ ಕೊನೆಕೊಯ್ಲಿನ ಬಗ್ಗೆ ಮಾತಾಡುತ್ತಿದ್ದ ತೋಟದವರು ಅದೇ ಉಸಿರಲ್ಲಿ ನಾಟಕದ ಬೆಳಕು ಸರಿಯಿರಲಿಲ್ಲ ಅಂತಾರೆ. ಪೇಟೆಯಲ್ಲಿ ಗುಡಿಗಾರರು ಗಂಧದ ಮರದಲ್ಲಿ ಕೆತ್ತುತ್ತಾರೆ. ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆಯ ಬುಟ್ಟಿಗೂ ಅದೇ ಚಿತ್ತಾರ. ಮಂಡಿಯಲ್ಲಿ ರಾಶಿ, ಚಾಲಿ, ಸಿಪ್ಪೆಗೋಟು ಅಂತ ಕೂಗಿದರೆ ಹೊರಗಿನವರಿಗೆ ಏನೂ ಅರ್ಥ ಆಗಲ್ಲ. ಅದೆಲ್ಲ ಅಡಿಕೆಯ ಬಗೆಗಳು. ಆವತ್ತಿನ ರೇಟು ಊರಿನ ಮುಖದ ಮೇಲೆ ಕಾಣುತ್ತದೆ.

ಈ ಊರು ನಿಜವಾಗಿ ಗದ್ದಲ ಮಾಡುವುದು ಮಾರಿಕಾಂಬಾ ಜಾತ್ರೆಗೆ, 3 ವರ್ಷಕ್ಕೊಮ್ಮೆ, 9 ದಿನ, ಫೆಬ್ರವರಿ ಹೊತ್ತಿಗೆ. ಅಮ್ಮನಿಗೆ ಊರಲ್ಲಿ ಎರಡು ಮನೆ, ತವರುಮನೆ ಮತ್ತು ಗಂಡನ ಮನೆ. ಮೊದಲ ದಿನ ತವರಲ್ಲಿ ಪೂಜೆ, ರಾತ್ರಿ ಮೆರವಣಿಗೆಯಲ್ಲಿ ಗಂಡನ ಮನೆಗೆ. ಕೊಟ್ಟ ಹೆಣ್ಣುಮಕ್ಕಳೆಲ್ಲ ಆ ವಾರ ತವರಿಗೆ ಬರುತ್ತಾರೆ, ದೇವಿ ಮಾತ್ರ ಉಲ್ಟಾ ಹೋಗುತ್ತಾಳೆ ಅಂತ ನಮ್ಮಜ್ಜಿ ನಗಾಡುತ್ತಿದ್ದಳು.

ಕೆರೆಯ ಬಗ್ಗೆ ಹೆಮ್ಮೆಯಿಂದ ಹೇಳಿದೆ, ನಿಜ. ನಾನು ಕಾಲೇಜಿಗೆ ಹೋಗುವಾಗ ಅದರ ತುಂಬ ಜೊಂಡು, ದಡದಲ್ಲಿ ಕಸ, ಮೂಗು ಮುಚ್ಚಿಕೊಂಡು ದಾಟುತ್ತಿದ್ದೆವು. ಹೋದ ಸಲ ಹೋದಾಗ ನೀರು ಕಂಡಿತು, ದಂಡೆಯಲ್ಲಿ ಜನ ವಾಕಿಂಗ್ ಮಾಡುತ್ತಿದ್ದರು. ಈಗ ಹೇಗಿದೆ ಅಂತ ನೀವೇ ಇಳಿದು ನೋಡಿ ಹೇಳಿ. ಮುಂದಿನ ಸಲ ಬಸ್ಸಾದರೂ ಸರಿ, ರೈಲಾದರೂ ಸರಿ (ಸ್ಟೇಷನ್ ಹೆಸರು ಸಾಗರ ಜಂಬಗಾರು, ಗಾಬರಿಯಾಗಬೇಡಿ, ಅದೇ ನಮ್ಮ ಸಾಗರ), ಬೆಳಿಗ್ಗೆ ಇಳಿದು ಮೊದಲು ಇಕ್ಕೇರಿ ಮುಗಿಸಿ. ಮಧ್ಯಾಹ್ನ ಯಾರಾದರೂ ಊಟಕ್ಕೆ ಕರೆದರೆ ಬೇಡ ಅನ್ನಬೇಡಿ, ಅಪ್ಪೆಮಿಡಿ ಉಪ್ಪಿನಕಾಯಿ, ತಂಬುಳಿ ಇದ್ದೇ ಇರುತ್ತದೆ. ಜೋಗ ಸಾಗರದಿಂದ ಬರೀ 30 ಕಿ.ಮೀ., ಸಂಜೆಗೆ ಹೋದರೂ ನಡೆಯುತ್ತದೆ. ಮಳೆಗಾಲವಾದರೆ ಕೊಡೆ ತನ್ನಿ.